ಮುರಕಲ್ಲು ಮರಳುಗಲ್ಲಾಗದಂತೆ: ಪ್ರಸಾರಾಂಗದಲ್ಲಿ ನನ್ನ ಪುಸ್ತಕ

ನನ್ನ ಪಿಎಚ್‌.ಡಿ. ಪ್ರಬಂಧ ಕಾಸರಗೋಡು ಜಿಲ್ಲೆಯ ಬಾಯಾರು, ಎಣ್ಮಕಜೆ, ಪೆರ್ಲ ಕಡೆಯ ಸುರಂಗಗಳ ಬಗ್ಗೆ. ಗುಡ್ಡದ ಬದಿಯಲ್ಲಿ ಅಡ್ಡಕ್ಕೆ ಕೊರೆದು ನೀರು ತೆಗೆಯುವ ಈ ಸುರಂಗಗಳನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಇಷ್ಟು ಹೇಳುತ್ತೇನೆ: ಒಬ್ಬ ಮನುಷ್ಯ ಪಿಕ್ಕಾಸು ಆಡಿಸುವಷ್ಟು ಅಗಲ, ನಿಂತು ಕೆಲಸ ಮಾಡುವಷ್ಟು ಎತ್ತರ, ಉದ್ದ ಮಾತ್ರ ಒರತೆ ಸಿಗುವವರೆಗೆ. ಒಳಗೆ ಹೋದವರು ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ, ಅದು ಮಂಕಾದರೆ ಗಾಳಿ ಸಾಲದೆಂದು ಹೊರಗೆ ಬರುತ್ತಾರೆ. ನಾನು ಸಂಗ್ರಹಿಸಿದ್ದು ಈ ಕೆಲಸದ ಮಾತುಗಳನ್ನು. ತುಳು, ಹವ್ಯಕ ಕನ್ನಡ, ಮಲಯಾಳ, ಮರಾಠಿ ಎಲ್ಲವೂ ಒಂದೇ ಸುರಂಗದ ಬಾಯಲ್ಲಿ ಕೇಳಿಬರುತ್ತವೆ.

ಪದವಿ ಬಂತು, 412 ಪುಟದ ಪ್ರಬಂಧ ಕಪಾಟು ಸೇರಿತು. ಖಾಸಗಿ ಪ್ರಕಾಶಕರೊಬ್ಬರು ಓದಿ ನೋಡಿ, ಅಡಿಟಿಪ್ಪಣಿ ಮತ್ತು ಪದಕೋಶ ತೆಗೆದರೆ 120 ಪುಟಕ್ಕೆ ಇಳಿಸಬಹುದು, ಖರ್ಚಿನಲ್ಲಿ ಅರ್ಧ ನೀವು ಹಾಕಿ ಎಂದರು. ಅವರ ಮಾತು ತಪ್ಪಲ್ಲ, ಮಾರಾಟವಾಗದ ಪುಸ್ತಕಕ್ಕೆ ಅವರು ಎಲ್ಲಿಂದ ದುಡ್ಡು ತರಬೇಕು? ಆದರೆ ಪದಕೋಶ ತೆಗೆದರೆ ನನ್ನ ಕೆಲಸದಲ್ಲಿ ಉಳಿಯುವುದೇನು? ಆಗ ನನ್ನ ಮಾರ್ಗದರ್ಶಕರು, "ಇದು ಪ್ರಸಾರಾಂಗದವರು ಮಾಡುವ ಕೆಲಸ ಮಾರಾಯ್ರೆ, ಅಲ್ಲಿಗೇ ಕಳಿಸಿ" ಎಂದರು.

ಪ್ರಸಾರಾಂಗವೆಂದರೆ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗ. ವಿಶ್ವವಿದ್ಯಾಲಯ ಅಚ್ಚಿನ ಕೆಲಸಕ್ಕೆ ಕೈಹಾಕುವುದು ಹೊಸತಲ್ಲ. ಕೇಂಬ್ರಿಜ್‌ಗೆ 1534ರಲ್ಲೇ ಮುದ್ರಿಸುವ ರಾಜಪತ್ರ ಸಿಕ್ಕಿತ್ತು. ಆದರೆ ನಮ್ಮಲ್ಲಿ ಅದಕ್ಕೆ ಬೇರೆಯದೇ ದಾರಿ ಇತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು 1930ರ ದಶಕದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು, ಆ ಉಪನ್ಯಾಸಗಳು ಕಿರುಹೊತ್ತಗೆಗಳಾದವು. 1946ರಲ್ಲಿ ಅದೇ ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಂತೂ ಪ್ರಕಟಣೆಯೇ ಮುಖ್ಯ ಕೆಲಸಗಳಲ್ಲೊಂದು. ಪ್ರಸಾರಾಂಗ ಎಂಬ ಹೆಸರಿನಲ್ಲೇ ಹರಡುವ ಅರ್ಥವಿದೆ. ಆ ಹೆಸರು ನನಗೆ ಇಷ್ಟ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಾಲೇಜುಗಳು 1968ರ ನಂತರ ಕಲ್ಲಿಕೋಟೆಯ, 1996ರ ನಂತರ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ ಬಂದವು. ನಾನು ಎಂ.ಎ. ಓದುವಾಗ ಕೈಗೆ ಸಿಗುತ್ತಿದ್ದ ಕನ್ನಡ ಸಂಶೋಧನಾ ಗ್ರಂಥಗಳೆಲ್ಲ ಮೈಸೂರು, ಧಾರವಾಡ, ಹಂಪಿಯವು. ನೂರಾರು ಪುಟದ ಪುಸ್ತಕವನ್ನು ವಿದ್ಯಾರ್ಥಿ ಕೊಳ್ಳುವ ಬೆಲೆಗೆ ಕೊಡುತ್ತಿದ್ದವರು ಅವರೇ. ನನ್ನ ಪುಸ್ತಕವೂ ಆ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆಯಿಂದಲೇ ಗಡಿಯಾಚೆಯ ಒಂದು ವಿಶ್ವವಿದ್ಯಾಲಯಕ್ಕೆ ಹಸ್ತಪ್ರತಿ ಕಳಿಸಿದೆ.

ಒಂದು ವರ್ಷ ಸುದ್ದಿಯಿಲ್ಲ. ಹೋಗಿ ವಿಚಾರಿಸಿದರೆ, ನಿರ್ದೇಶಕರು ಬದಲಾದಾಗ ಕಡತ ಕಾಣೆಯಾಗಿತ್ತು. ಇನ್ನೊಂದು ಪ್ರತಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದೆ. ಹಸ್ತಪ್ರತಿ ಕೊಡುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಪರಿಶೀಲಕರ ವರದಿ ಬಂತು. ಹೆಸರಿಲ್ಲದ ಮೂರು ಪುಟ. ಹಿಂದಿನ ಅಧ್ಯಯನಗಳ ಸಮೀಕ್ಷೆ ಎಂದು ನಾನು ಬರೆದ 60 ಪುಟ ಪರೀಕ್ಷಕರಿಗಾಗಿ ಬರೆದದ್ದು, ಓದುಗರಿಗೆ ಬೇಡ ಎಂದಿದ್ದರು. ಸುರಂಗದ ಉದ್ದವನ್ನು ಎಲ್ಲೆಡೆ ಕೋಲಿನಲ್ಲಿ ಕೊಟ್ಟಿದ್ದೀರಿ, ಒಂದು ಕೋಲೆಂದರೆ ಎಷ್ಟು? ಈ ಶಬ್ದ ಹೇಳಿದವರ ಮನೆಮಾತು ಯಾವುದು? ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಓದಿದಾಗ, ಅಷ್ಟು ಗಮನವಿಟ್ಟು ನನ್ನ ಬರಹವನ್ನು ಯಾರೂ ಓದಿಲ್ಲ ಅನಿಸಿತು. ಕೋಲೆಂದರೆ ಸುಮಾರು ಎರಡೂವರೆ ಅಡಿ ಎಂದು ಬರೆದೆ, ಪ್ರತಿ ಶಬ್ದದ ಮುಂದೆ ಆಡುವವರ ಭಾಷೆ ಸೇರಿಸಿದೆ. ಅದಕ್ಕೆ ಮತ್ತೆ ಎಂಟು ತಿಂಗಳು ತಿರುಗಿದೆ. ಪದಕೋಶಕ್ಕೆ ಬೆಲೆ ಬಂದದ್ದು ಆ ಎಂಟು ತಿಂಗಳಲ್ಲಿ.

ಡೆಮಿ ಅಷ್ಟದಳ ಆಕಾರ, ಹದಿನಾರು ಪುಟದ ಹದಿನೈದು ಫಾರ್ಮ್, ಅಂದರೆ 240 ಪುಟ, 500 ಪ್ರತಿ ಎಂದು ನಿರ್ಧಾರವಾಯಿತು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತುಗಳು ಜಾಗ ಬದಲಿಸಿದ್ದವು. ಅದು ಕಣ್ಣಿಗೆ ಕಾಣುವ ತಪ್ಪು, ತಿದ್ದಬಹುದು. ಹೆದರಿಸಿದ್ದು ಎರಡನೆಯ ಕರಡು. "ಮುರಕಲ್ಲು" (ಜಂಬಿಟ್ಟಿಗೆ ಕಲ್ಲು) ಇದ್ದಲ್ಲೆಲ್ಲ "ಮರಳುಗಲ್ಲು" ಎಂದಿತ್ತು. ಘಟ್ಟದ ಮೇಲಿನ ಕರಡು ತಿದ್ದುವವರು ಅಕ್ಷರದೋಷವೆಂದು ಪ್ರಾಮಾಣಿಕವಾಗಿಯೇ ತಿದ್ದಿದ್ದರು. ಮುರಕಲ್ಲು ಮೆದುವಾಗಿ ಕೊರೆಯಲು ಬರುತ್ತದೆ, ಕೊರೆದ ಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಈ ಗುಣವಿರುವುದರಿಂದಲೇ ನಮ್ಮ ಗುಡ್ಡಗಳಲ್ಲಿ ಸುರಂಗ ನಿಂತಿದೆ. ಒಂದು ಶಬ್ದ ಬದಲಾದರೆ ಇಡೀ ಗುಡ್ಡವೇ ಬದಲಾದಂತೆ. ಆಮೇಲೆ ನಾನು ಗಡಿನಾಡಿನ 340 ಶಬ್ದಗಳ ಪಟ್ಟಿ ಮಾಡಿ, "ಇವುಗಳನ್ನು ತಿದ್ದಬಾರದು" ಎಂದು ಕರಡಿನ ಮೇಲೆ ಲಗತ್ತಿಸಿದೆ.

ಪುಸ್ತಕ ಹೊರಬಂತು. ಅದನ್ನು ಗಡಿ ದಾಟಿಸುವ ವ್ಯವಸ್ಥೆ ಅವರಲ್ಲಿರಲಿಲ್ಲ, ಅವರ ಮಳಿಗೆ ಇದ್ದದ್ದು ಕ್ಯಾಂಪಸ್ಸಿನೊಳಗೆ. ಲೇಖಕರ ರಿಯಾಯಿತಿಯಲ್ಲಿ 100 ಪ್ರತಿ ಕೊಂಡು, ನಾಲ್ಕು ಕಟ್ಟು ಮಾಡಿ, ಸಾರಡ್ಕದ ದಾರಿಯ ಬಸ್ಸಿನಲ್ಲಿ ಎರಡು ಸಲಕ್ಕೆ ಪೆರ್ಲಕ್ಕೆ ತಂದೆ. ಊರಿನ ವಾಚನಾಲಯಗಳಿಗೆ, ಕನ್ನಡ ಶಾಲೆಗಳಿಗೆ ನಾನೇ ಹೋಗಿ ಕೊಟ್ಟೆ. ಇಷ್ಟು ಚೆನ್ನಾಗಿ ಪುಸ್ತಕ ಮಾಡುವವರು ಅದನ್ನು ಬೇಕಾದವರ ಬಾಗಿಲಿಗೆ ಮುಟ್ಟಿಸುವುದರಲ್ಲೂ ಅಷ್ಟೇ ಶ್ರದ್ಧೆ ತೋರಿಸಬೇಕೆಂದು ಪತ್ರ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಮೊದಲ ಪ್ರತಿ ಕೊಟ್ಟದ್ದು ನನಗೆ ಅತಿ ಹೆಚ್ಚು ಶಬ್ದ ಹೇಳಿಕೊಟ್ಟ ಬಾಯಾರಿನ ಹಿರಿಯ ಸುರಂಗ ಕೆಲಸಗಾರರಿಗೆ. ಅವರಿಗೆ ಓದು ಅಷ್ಟಾಗಿ ಬರುವುದಿಲ್ಲ. ಹಾಳೆ ತಿರುವುತ್ತಾ 87ನೆಯ ಪುಟದ ರೇಖಾಚಿತ್ರದ ಮೇಲೆ ಬೆರಳಿಟ್ಟರು. "ಮಾಷ್ಟ್ರೆ, ನೆಲ ಒಳಗಡೆ ಇಳಿದುಂಟಲ್ಲ? ಹೀಗೆ ಕೊರೆದರೆ ನೀರು ಹೊರಗೆ ಹೇಗೆ ಬರುವುದು?" ನೋಡಿದೆ. ಒಳಕ್ಕೆ ಹೋದಂತೆ ನೆಲ ತುಸು ಏರಬೇಕಿತ್ತು, ಚಿತ್ರದಲ್ಲಿ ಇಳಿದಿತ್ತು. ಪರಿಶೀಲಕರು, ಮೂವರು ಕರಡು ನೋಡಿದವರು, ನಾನು ಯಾರೂ ಗಮನಿಸಿರಲಿಲ್ಲ. ಮರುದಿನವೇ ಪ್ರಸಾರಾಂಗಕ್ಕೆ ಫೋನು ಮಾಡಿದೆ. ಅವರು ತಡಮಾಡದೆ ಒಪ್ಪೋಲೆ (ತಪ್ಪು ತಿದ್ದುವ ಚೀಟಿ) ಅಚ್ಚು ಹಾಕಿಸಿದರು, ಮಳಿಗೆಯಲ್ಲಿದ್ದ ಪ್ರತಿಗಳಿಗೆ ಅವರು ಅಂಟಿಸಿದರು, ಇಲ್ಲಿಯವುಗಳಿಗೆ ನಾನು.