ತಪಸ್ಸುಕಾಲದಲ್ಲಿ ದೇವರ ಮಾತನ್ನು ಕೇಳುವ ಬಗೆ

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಪದಕ್ಕೆ ಮೂರು ಅರ್ಥಗಳಿವೆ. ಅಂಗಡಿಯಲ್ಲಿ ಬೆಲೆ ಕೇಳುತ್ತೇವೆ, ಕುಳಿತು ಹಾಡು ಕೇಳುತ್ತೇವೆ, ಮಗನು ತಂದೆಯ ಮಾತು ಕೇಳುತ್ತಾನೆ ಎಂದರೆ ಹೇಳಿದಂತೆ ನಡೆಯುತ್ತಾನೆ ಎಂದು ತಿಳಿಯುತ್ತೇವೆ. ನಮ್ಮ ಪ್ರಾರ್ಥನೆಯು ಬಹುಮಟ್ಟಿಗೆ ಮೊದಲನೆಯ ಅರ್ಥದಲ್ಲಿಯೇ ಮುಗಿದುಹೋಗುತ್ತದೆ: ಆರೋಗ್ಯ ಕೊಡು, ಮಗನಿಗೆ ನೌಕರಿ ಕೊಡು, ಸಾಲ ತೀರುವಂತೆ ಮಾಡು. ಬೇಡುವುದು ತಪ್ಪಲ್ಲ, ಬೇಡಿಕೊಳ್ಳಿರಿ ಎಂದು ಯೇಸುಸ್ವಾಮಿಯೇ ಕಲಿಸಿದ್ದಾನೆ. ಆದರೂ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲದ ಈ ದಿನಗಳನ್ನು ಉಳಿದೆರಡು ಅರ್ಥಗಳಿಗಾಗಿ ಮೀಸಲಿಡಬೇಕೆಂಬುದು ನನ್ನ ಬಿನ್ನಹ. ಲೆಕ್ಕಕ್ಕೆ 46 ದಿನಗಳಾಗುತ್ತವೆ. ರವಿವಾರಗಳು ಪುನರುತ್ಥಾನದ ಹಬ್ಬವೇ ಆದ್ದರಿಂದ ಆ ಆರನ್ನು ಬಿಟ್ಟರೆ 40 ಉಳಿಯುತ್ತವೆ.

ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಹುಬ್ಬಳ್ಳಿ–ಧಾರವಾಡದಲ್ಲಿ ಈ ಕಾಲವು ಬಿಸಿಲೇರುವ, ಮಕ್ಕಳ ಪರೀಕ್ಷೆಗಳ, ಅನೇಕ ವರ್ಷಗಳಲ್ಲಿ ಹೋಳಿಯ ಹಲಗೆಯ ಸದ್ದೂ ಕೂಡಿಬರುವ ಕಾಲ. ಮೌನವು ತಾನಾಗಿ ಸಿಗುವುದಿಲ್ಲ, ಹುಡುಕಿ ತೆಗೆಯಬೇಕಾಗುತ್ತದೆ. ಬೆಳಗಿನ ಐದರ ಸುಮಾರಿಗೆ, ನಳದ ನೀರಿನ ಗದ್ದಲವೂ ಚಹಾದ ಪಾತ್ರೆಯ ಸಪ್ಪಳವೂ ಆರಂಭವಾಗುವ ಮುನ್ನ, ಇಪ್ಪತ್ತು ನಿಮಿಷಗಳು ಸಾಕು. ಅದು ಆಗದವರು ನಿತ್ಯ ಚಿಗರಿ ಬಸ್ಸಿನಲ್ಲಿ ಎರಡು ಊರುಗಳ ನಡುವೆ ಓಡಾಡುವವರಾದರೆ, ಮೊಬೈಲನ್ನು ಚೀಲದಲ್ಲಿಟ್ಟು ಆ ಪ್ರಯಾಣವನ್ನೇ ಬಳಸಿಕೊಳ್ಳಬಹುದು. ಮುಖ್ಯವಾದುದು ನಿತ್ಯವೂ ಅದೇ ಹೊತ್ತು, ಸಾಧ್ಯವಾದರೆ ಅದೇ ಜಾಗ.

ಓದಿಗೆ ಸತ್ಯವೇದದ, ಅಂದರೆ ಬೈಬಲಿನ, ಸಣ್ಣ ಭಾಗವನ್ನು ಆರಿಸಿಕೊಳ್ಳಿರಿ, ಹತ್ತು ವಚನಗಳನ್ನು ಮೀರುವುದು ಬೇಡ. ಮೊದಲ ದಿನಗಳಿಗೆ ಯೋವೇಲನ ಎರಡನೆಯ ಅಧ್ಯಾಯದ 12 ಮತ್ತು 13ನೆಯ ವಚನಗಳು, ಬಳಿಕ ದಾನ, ಪ್ರಾರ್ಥನೆ, ಉಪವಾಸಗಳ ಕುರಿತಾದ ಮತ್ತಾಯನ ಆರನೆಯ ಅಧ್ಯಾಯ, ಅನಂತರ 51ನೆಯ ಕೀರ್ತನೆ, ಯೆಶಾಯನ 58ನೆಯ ಅಧ್ಯಾಯ, ಲೂಕನ 15ನೆಯ ಅಧ್ಯಾಯ ಒಳ್ಳೆಯ ಆರಂಭ. ಒಮ್ಮೆ ಗಟ್ಟಿಯಾಗಿ, ಎರಡನೆಯ ಸಲ ನಿಧಾನವಾಗಿ ಓದಿ, ಮೂರನೆಯ ಸಲ ಓದುವಾಗ ಯಾವ ಮಾತು ಕಾಲಿಗೆ ತೊಡರಿದಂತೆ ನಿಲ್ಲಿಸುತ್ತದೋ ಅಲ್ಲಿಯೇ ನಿಲ್ಲಬೇಕು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಗದಗದ ಪಕ್ಕದ ಬೆಟಗೇರಿಗೂ ಬಂದು ನೆಲೆನಿಂತರು. ಆ ಬೆಟಗೇರಿಯ ಸಭೆಯಲ್ಲಿಯೇ ಬೆಳೆದ ನಮ್ಮ ಅಜ್ಜಿಯಿಂದ ನಾನು ಈ ರೀತಿಯನ್ನು ಕಲಿತೆ. ಸಂಜೆ ಪಕ್ಕದ ಮನೆಯ ಮಗ್ಗದ ಸದ್ದು ನಿಂತೊಡನೆ ಅವಳು ಕಟ್ಟೆಯ ಮೇಲೆ ಕುಳಿತು ಸತ್ಯವೇದವನ್ನು ತೆರೆಯುತ್ತಿದ್ದಳು. ಎರಡು ಮೂರು ವಚನಗಳನ್ನು ಓದಿ, ಬೆರಳನ್ನು ಹಾಳೆಗಳ ನಡುವೆ ಇಟ್ಟುಕೊಂಡೇ ಪುಸ್ತಕವನ್ನು ಮುಚ್ಚಿ, “ಇವತ್ತಿಗಿ ಇಷ್ಟ ಸಾಕು” ಎಂದು ಸುಮ್ಮನಾಗುತ್ತಿದ್ದಳು. ದೀಪ ಹಚ್ಚುವ ಹೊತ್ತಾದರೂ ಆ ಬೆರಳು ಅಲ್ಲಿಯೇ ಇರುತ್ತಿತ್ತು.

ಸುಮ್ಮನಿರುವಾಗ ಮನಸ್ಸು ಓಡಿಹೋಗುವುದು ಸಹಜ. ಆಗ ಅದನ್ನು ಬಯ್ಯದೆ, ನಿಮ್ಮನ್ನು ನಿಲ್ಲಿಸಿದ ಆ ಮಾತನ್ನು ಮೆಲ್ಲನೆ ಮತ್ತೊಮ್ಮೆ ಹೇಳಿಕೊಳ್ಳಿರಿ. ಏನೂ ಹೊಳೆಯದ ದಿನಗಳೇ ಹೆಚ್ಚಾಗಿರಬಹುದು, ಆ ದಿನವೂ ಕುಳಿತ ಹೊತ್ತು ವ್ಯರ್ಥವಲ್ಲ.

ಕೇಳಿಸಿದ್ದು ದೇವರ ಮಾತೋ ನನ್ನದೇ ಮನಸ್ಸಿನ ಮಾತೋ ಎಂಬ ಸಂದೇಹ ಎಲ್ಲರಿಗೂ ಬರುತ್ತದೆ, ಬರಲೂಬೇಕು. ಬಾಲಕನಾದ ಸಮುವೇಲನ ಕಥೆಯನ್ನು ಇಲ್ಲಿ ಸಾವಕಾಶವಾಗಿ ನೋಡಬೇಕು. ದೇವರು ಕರೆದಾಗ ಅವನು ಮೂರು ಸಲವೂ ಮುದುಕನಾದ ಯಾಜಕ ಏಲಿಯ ಬಳಿಗೆ ಓಡಿದನು. ಕರೆದವನು ಯಾರೆಂಬುದು ಅವನಿಗೆ ತಿಳಿಯಲಿಲ್ಲ, ಕಣ್ಣು ಮಬ್ಬಾಗಿದ್ದ ಏಲಿಗೆ ತಿಳಿಯಿತು. ನಾಲ್ಕನೆಯ ಸಲ ಸಮುವೇಲನು ದೇವರಿಗೆ ಉತ್ತರಕೊಟ್ಟಾಗ ಕೇಳಿಸಿದ್ದು ಸಿಹಿಮಾತಾಗಿರಲಿಲ್ಲ. ಏಲಿಯ ಮನೆತನದ ವಿರುದ್ಧವೇ ಬಂದ ಆ ತೀರ್ಪನ್ನು ಹುಡುಗನು ಹೆದರುತ್ತಲೇ ಏಲಿಗೆ ತಿಳಿಸಬೇಕಾಯಿತು. ಹೀಗಾಗಿ ನಿಮಗೂ ಒಬ್ಬ ಏಲಿ ಬೇಕು: ಸಭಾಪಾಲಕರಾಗಲಿ, ಗುರುಗಳಾಗಲಿ, ನಿಮ್ಮನ್ನು ಬಲ್ಲ ಹಿರಿಯ ವಿಶ್ವಾಸಿಯಾಗಲಿ, ವಾರಕ್ಕೊಮ್ಮೆ ಅವರೊಡನೆ ಮಾತಾಡಿರಿ. ಕೇಳಿದ ಮಾತು ಸತ್ಯವೇದಕ್ಕೆ ಹೊಂದುತ್ತದೆಯೇ, ಅದು ನೆರೆಯವರ ಮೇಲಿನ ಪ್ರೀತಿಯನ್ನು ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸಿರಿ. ನೀನು ಯಾವುದಕ್ಕೂ ಬಾರದವನು, ನಿನಗೆ ಇನ್ನು ಕ್ಷಮೆಯಿಲ್ಲ ಎಂದು ಕುಗ್ಗಿಸುವ ಧ್ವನಿಯು, ಲೂಕನ 15ನೆಯ ಅಧ್ಯಾಯದ ಕಥೆಯಲ್ಲಿ ಕಳೆದುಹೋದ ಮಗನನ್ನು ದೂರದಲ್ಲಿ ಕಂಡು ಓಡಿಬಂದು ಅಪ್ಪಿಕೊಂಡ ಆ ತಂದೆಯದಲ್ಲ. ಅದನ್ನು ನಂಬಬೇಡಿರಿ.

ಹೇಳಿದಂತೆ ನಡೆಯುವುದೆಂಬ ಮೂರನೆಯ ಅರ್ಥಕ್ಕೆ ಒಂದು ಚಿಕ್ಕ ನೋಟ್‌ಬುಕ್ ಸಾಕು. ದಿನಕ್ಕೆ ಎರಡೇ ಸಾಲು: ಕೇಳಿಸಿದ್ದು ಏನು, ಇಂದು ರಾತ್ರಿಯೊಳಗೆ ನಾನು ಮಾಡುವುದು ಏನು. ಎರಡನೆಯ ಸಾಲಿನಲ್ಲಿ ‘ಒಳ್ಳೆಯವನಾಗುತ್ತೇನೆ’ ಎಂದು ಬರೆದರೆ ಸಂಜೆ ಲೆಕ್ಕ ಕೊಡಲು ಬಾರದು. ‘ಅಣ್ಣನಿಗೆ ಫೋನ್ ಮಾಡುತ್ತೇನೆ’ ಎಂದು ಬರೆಯಿರಿ. ನಮ್ಮ ಕಡೆ ಹೊಲದ ಬದುವಿನ ತಂಟೆಯಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಆರಾಧನೆಯಲ್ಲಿ ಬೇರೆ ಬೇರೆ ಬೆಂಚುಗಳಲ್ಲಿ ಕುಳಿತಿರುವುದನ್ನು ಕಂಡಿದ್ದೇನೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂಬ ಮತ್ತಾಯನ ಐದನೆಯ ಅಧ್ಯಾಯದ ಮಾತು ಅವರಿಗಾಗಿಯೇ ಇದೆ, ನನಗಾಗಿಯೂ ಇದೆ.

ಉಪವಾಸವೂ ಉತ್ತರಕೊಡುವ ಒಂದು ಬಗೆಯೇ. ಕಥೋಲಿಕ ಸಭೆಯಲ್ಲಿ 18ರಿಂದ 59 ವಯಸ್ಸಿನವರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಒಂದೇ ಪೂರ್ಣ ಊಟದ ನಿಯಮವಿದೆ. ಉಳಿದ ಸಭೆಗಳಲ್ಲಿ ಇದನ್ನು ಹೆಚ್ಚಾಗಿ ಅವರವರ ಮನಸ್ಸಾಕ್ಷಿಗೆ ಬಿಡುತ್ತಾರೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಬಿಟ್ಟ ಊಟವು ಹಸಿದವನ ತಟ್ಟೆ ಸೇರಬೇಕೆಂಬುದು ಯೆಶಾಯನ 58ನೆಯ ಅಧ್ಯಾಯದ ಕಟ್ಟುನಿಟ್ಟು. ಆದ್ದರಿಂದ ರೊಟ್ಟಿಯ ಹಿಟ್ಟು ನಾದುವ ಮುನ್ನ ದಿನವೂ ಒಂದು ಹಿಡಿ ಹಿಟ್ಟನ್ನು ಬೇರೆ ಡಬ್ಬಿಗೆ ಹಾಕಿರಿ, ಮಾಂಸ ತರದ ದಿನ ಉಳಿದ ಹಣವನ್ನೂ ಅದರ ಪಕ್ಕದಲ್ಲಿಡಿರಿ, ವಾರದ ಕೊನೆಗೆ ಅದು ಯಾರ ಮನೆಗೆ ಹೋಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ರವಿವಾರದಿಂದ ಓದನ್ನು ಇನ್ನೂ ಕಡಿಮೆ ಮಾಡಿ ಮೌನವನ್ನು ಹೆಚ್ಚಿಸಬಹುದು. ಗುರುವಾರ ರಾತ್ರಿ, ಯೇಸುಸ್ವಾಮಿಯು ಬಂಧನಕ್ಕೆ ಮುನ್ನ ಪ್ರಾರ್ಥಿಸಿದ ಗೆತ್ಸೇಮನೆಯ ಪ್ರಸಂಗವನ್ನೋದಿ ಒಂದು ಗಳಿಗೆ ಎಚ್ಚರವಾಗಿರಿ, ಶನಿವಾರ ಪುಸ್ತಕವನ್ನು ತೆರೆಯಬೇಡಿರಿ. ಈಸ್ಟರ್ ರವಿವಾರ ನಸುಕಿನ ಆರಾಧನೆಗೆ ಹೊರಡುವಾಗ ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ. ಎರಡನೆಯ ಸಾಲುಗಳಲ್ಲಿ ಮಾಡದೆ ಉಳಿದವುಗಳಿಗೆ ಗುರುತು ಹಾಕಿಕೊಂಡರೆ, ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದುಬಂದುದನ್ನು ನೆನೆಯುವ ಪಂಚಾಶತ್ತಮ ಹಬ್ಬದವರೆಗಿನ 50 ದಿನಗಳಲ್ಲಿ ಅವನ್ನು ಒಂದೊಂದಾಗಿ ತೀರಿಸಬಹುದು.