ಹಿಟ್ಟಿನ ತಟ್ಟೆಯಲ್ಲಿ ಮಳೆಯ ಮೂಲ: ನನ್ನ ಅನುಭವ

ರಾಡಾರ್ ಇಲ್ಲದೆ ಮಳೆಯ ಬಗೆ ಗುರುತಿಸಲು ಆಗುವುದೇ ಇಲ್ಲ ಎಂದವರೇ ಹೆಚ್ಚು. ಆಗುತ್ತದೆ. ಸುರಿದದ್ದು ಕಾದ ಗಾಳಿ ಮೇಲೇರಿ ಗುಡುಗಿ ಸುರಿಯುವ ಪರಿಸರಣ ಮಳೆಯೋ, ವಾಯುಭಾರ ಕುಸಿತದ ಸುತ್ತ ಸುಳಿಯುವ ಗಾಳಿ ತರುವ ಆವರ್ತ ಮಳೆಯೋ, ಗುಡ್ಡ ಏರಿದ ಗಾಳಿಯ ಆರೋಹ ಮಳೆಯೋ ಎಂದು ಮೊದಲು ಬರೆದಿಟ್ಟು, ಆಮೇಲಷ್ಟೇ ರಾಡಾರ್ ಚಿತ್ರ ತೆರೆಯುತ್ತೇನೆ. ಈಗೀಗ ಹತ್ತರಲ್ಲಿ ಏಳೆಂಟು ಸಲ ತಾಳೆಯಾಗುತ್ತಿದೆ.

ಉಪಾಯ 1904ರದ್ದು, ಹಿಮದ ಹರಳುಗಳ ಫೋಟೊ ತೆಗೆದು ಹೆಸರಾದ ಅಮೆರಿಕದ ವಿಲ್ಸನ್ ಬೆಂಟ್ಲಿಯದು: ಹಿಟ್ಟಿನ ತಟ್ಟೆಯನ್ನು ಮಳೆಗೆ ಒಡ್ಡಿ, ಹನಿ ಕಟ್ಟಿದ ಉಂಡೆಗಳನ್ನು ಒಣಗಿಸಿ ಜರಡಿ ಹಿಡಿಯುವುದು. ಹಿಟ್ಟಿಗೇನೂ ಖರ್ಚಿಲ್ಲ. ದುಡ್ಡು ನುಂಗಿದ್ದು ಪೀಜೋ ಬಿಲ್ಲೆಗಳು, ಅಂದರೆ ಪೆಟ್ಟು ಬಿದ್ದರೆ ವಿದ್ಯುತ್ ಹೊಮ್ಮಿಸುವ ಬಿಲ್ಲೆಗಳು. ಹನಿಯ ಸದ್ದಿನಿಂದ ಗಾತ್ರ ಅಳೆಯೋಣವೆಂದು ಹೊರಟೆ, ಗಾಳಿ ಬೀಸಿದರೂ ಎಣಿಸತೊಡಗಿದವು. ಉಳಿದ ಹಣದಲ್ಲಿ ಮುಕ್ಕಾಲು ಪಾಲು ಟಿಪ್ಪಿಂಗ್ ಬಕೆಟ್ ಮಳೆಮಾಪಕಕ್ಕೆ (ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಎಣಿಸುವಂಥದ್ದು) ಹೋಯಿತು. ಅದು ಮಾತ್ರ ದಂಡವಾಗಲಿಲ್ಲ.

ಜೋರು ಮಳೆಯಲ್ಲಿ ಮೂರು ಸೆಕೆಂಡು ಮೀರಿದರೆ ಹಿಟ್ಟು ಕಲಸಿಹೋಗುತ್ತದೆ. ತುಂತುರಿಗೆ ಅರ್ಧ ನಿಮಿಷವೂ ಸಾಲದು. ಉಂಡೆಯಿಂದ ಹನಿಯ ಗಾತ್ರ ತಿಳಿಯಲು ಸಿರಿಂಜಿನ ಹನಿಗಳನ್ನು ನೂರರಂತೆ ತೂಗಿ, ಮಹಡಿಯಿಂದ ಬೀಳಿಸಿದೆ. ಮೇಜಿನೆತ್ತರದಿಂದ ಬೀಳಿಸಿದರೆ ಲೆಕ್ಕಕ್ಕಿಲ್ಲ, 2 ಮಿ.ಮೀ. ಹನಿ ಸೆಕೆಂಡಿಗೆ ಆರೂವರೆ ಮೀಟರ್ ವೇಗ ಹಿಡಿಯಲು ಎತ್ತರ ಬೇಕು. ಹಿಟ್ಟಿಗೆ ತೇವ ಹಿಡಿಯದಂತೆ ಇಡುವ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಬರೀ ಗಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ, ಪಕ್ಕದಲ್ಲಿ ಮಳೆಯ ರಭಸ ಇಟ್ಟು ನೋಡಬೇಕು. ಗಂಟೆಗೆ ಎರಡು ಮೂರು ಮಿ.ಮೀ. ಬೀಳುವ ಸೋನೆಯಲ್ಲೂ ದಪ್ಪ ಹನಿ ಸಿಕ್ಕರೆ ಅವು ಮೇಲೆ ಹಿಮದ ಚಕ್ಕೆಗಳಾಗಿದ್ದು, ಸೊನ್ನೆ ಡಿಗ್ರಿಯ ಮಟ್ಟ ದಾಟಿ ಕರಗಿದವು. ಆವರ್ತ ಮಳೆಯದು ಸಾಮಾನ್ಯವಾಗಿ ಈ ಬಗೆ. ಅದೇ ರಭಸಕ್ಕೆ 1 ಮಿ.ಮೀ.ಗಿಂತ ಸಣ್ಣವೇ ರಾಶಿ ಬಿದ್ದರೆ ಆ ಮೋಡ ಹಿಮದ ಎತ್ತರ ಮುಟ್ಟಿಲ್ಲ, ಹನಿಗೆ ಹನಿ ಡಿಕ್ಕಿಯಾಗಿ ಬೆಳೆದದ್ದು. ಗುಡ್ಡದ ಮಳೆ ಹೆಚ್ಚಾಗಿ ಹೀಗೆ. ಪರಿಸರಣ ಮಳೆಗೆ ಮೊದಲ ನಿಮಿಷದ ತಟ್ಟೆಯೇ ಸಾಕ್ಷಿ: ವಿರಳವಾಗಿ 4-5 ಮಿ.ಮೀ. ಹನಿಗಳು, ಸಣ್ಣವನ್ನು ಹಿಂದೆ ಹಾಕಿ ಸೆಕೆಂಡಿಗೆ 9 ಮೀಟರಿನಂತೆ ಬಂದವು. ಗುಡುಗುಮಳೆ ತಗ್ಗಿ ಸೋನೆ ಹಿಡಿದಾಗ ತಟ್ಟೆ ಮೊದಲು ಹೇಳಿದ, ಕರಗಿದ ಹಿಮದ ದಪ್ಪ ಹನಿಗಳ ಬಗೆಗೆ ತಿರುಗುತ್ತದೆ. ಒಂದೇ ಮಳೆಯಲ್ಲಿ ಎರಡು ಬಗೆ! ಮಳೆಗೊಂದೇ ಹೆಸರು ಬರೆದುಕೊಳ್ಳುವವರಿಗೆ ಇದು ಸಿಗುವುದೇ ಇಲ್ಲ.

ನಡುವೆ, ಮೋಡ ಬಿತ್ತನೆಗೆ ದಾರಿ ತೋರಿದ ಅಮೆರಿಕದ ವಿನ್ಸೆಂಟ್ ಶೇಫರ್ 1946ರಲ್ಲಿ ಮಾಡಿದ್ದನ್ನೂ ಮಾಡಿದೆ. ಡೀಪ್ ಫ್ರೀಜರಿನೊಳಗೆ ಕಪ್ಪು ಬಟ್ಟೆ ಹಾಸಿ ಉಸಿರೂದಿದರೆ, ಮೈನಸ್ 20ರ ಹತ್ತಿರವೂ ಮಂಜು ನೀರಾಗಿಯೇ ತೇಲುತ್ತದೆ. ಚಿಟಿಕೆ ಒಣ ಮಂಜುಗಡ್ಡೆ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಹಾಕಿದ ಕ್ಷಣಗಳಲ್ಲೇ ಹರಳುಗಳು ಮಿನುಗುತ್ತವೆ. ಹಿಮ ಸುತ್ತಲಿನ ನೀರಹನಿಗಳ ಆವಿ ಕದ್ದು ಬೆಳೆಯುವುದನ್ನು ಅಲ್ಲಿ ನೋಡಿದ ಮೇಲೆಯೇ ಸೋನೆಯ ದಪ್ಪ ಹನಿಗಳ ಮೇಲೆ ನನಗೆ ನಂಬಿಕೆ ಬಂತು.