ಅರ್ಧಕ್ಕೆ ಕಾಲೇಜು ಬಿಡುವ ಮುನ್ನ: ಫೀ, ಸ್ಕಾಲರ್‌ಶಿಪ್, ಬ್ಯಾಂಕ್ ಸಾಲದ ಲೆಕ್ಕ

ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆಯಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಓದಲು ಬಂದ ಮಕ್ಕಳಲ್ಲಿ ಕೆಲವರು ಯಾರಿಗೂ ಹೇಳದೆ ಕಾಲೇಜು ಬಿಡುತ್ತಾರೆ. ಮನೆಯ ತಾಪತ್ರಯ, ಆರೋಗ್ಯ, ಒಗ್ಗದ ಕೋರ್ಸ್, ಕಾರಣ ಯಾವುದೇ ಇರಲಿ, ಹಬ್ಬಕ್ಕೆ ಊರಿಗೆ ಹೋದವರು ತಿರುಗಿ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಹಾಗೇ ಉಳಿದಿರುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ನಷ್ಟದ ದಾರಿ ಇನ್ನೊಂದಿಲ್ಲ. ಎಷ್ಟು ಫೀ ವಾಪಸ್ ಬರುತ್ತದೆ ಎಂಬುದು ನಿಂತಿರುವುದು ನೀವು ಲಿಖಿತ ಅರ್ಜಿ ಕೊಟ್ಟ ದಿನಾಂಕದ ಮೇಲೆ. ಸ್ಕಾಲರ್‌ಶಿಪ್ ಇಲಾಖೆಗೂ ಬ್ಯಾಂಕಿಗೂ ತೋರಿಸಬೇಕಾದ ದಾಖಲೆಯೂ ಅದೇ.

ಹಾಗಾಗಿ ಮೊದಲು ಆ ಅರ್ಜಿ. ಪ್ರಾಂಶುಪಾಲರ ಹೆಸರಿಗೆ ಬರೆಯಿರಿ: ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ಕೋರ್ಸ್, ಸೆಮಿಸ್ಟರ್, ಯಾವ ದಿನದಿಂದ ಪ್ರವೇಶ ರದ್ದು ಮಾಡಬೇಕು, ಕಟ್ಟಿದ ಫೀ ಎಷ್ಟು, ರಸೀದಿ ನಂಬರ್, ಹಣ ಹಿಂದಿರುಗಿಸಬೇಕಾದ ಬ್ಯಾಂಕ್ ಖಾತೆ. ಕೊನೆಗೆ ‘ನನ್ನ ಮೂಲ ದಾಖಲೆ ಹಾಗೂ ಟಿಸಿ ಕೊಡಬೇಕಾಗಿ ವಿನಂತಿ’ ಎಂಬ ಸಾಲು. ತಂದೆ ಅಥವಾ ತಾಯಿಯ ಸಹಿಯೂ ಇರಲಿ. ಎರಡು ಪ್ರತಿ ಮಾಡಿ, ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ಇಟ್ಟು ಹೋಗಪ್ಪ, ನೋಡೋಣ’ ಎಂದು ಗುಮಾಸ್ತರು ಹೇಳಿದರೆ ಬರಿಗೈಲಿ ಹೊರಡಬೇಡಿ. ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಇನ್ನೊಂದು ಪ್ರತಿ ಕಳಿಸಿ, ಅದರ ರಸೀದಿ ಇಟ್ಟುಕೊಳ್ಳಿ.

ಫೀ ಎಷ್ಟು ವಾಪಸ್ ಬರುತ್ತದೆ ಎಂಬುದಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ಪಟ್ಟಿ ಇದೆ. ಕೆಲವು ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆಗಳೂ ಬಂದಿವೆ, ನೀವು ಸೇರಿದ ವರ್ಷದ್ದನ್ನು ಯುಜಿಸಿ ಜಾಲತಾಣದಲ್ಲಿ ನೋಡಿಕೊಳ್ಳಿ. 2018ರ ಪಟ್ಟಿಯಲ್ಲಿ ದಿನ ಎಣಿಸುವುದು ಪ್ರಕಟಿತ ಪ್ರವೇಶದ ಕೊನೆಯ ದಿನಾಂಕವನ್ನು ಆಧರಿಸಿ. ಆ ದಿನಾಂಕ ಆಗಸ್ಟ್ 31, ನೀವು ಕಟ್ಟಿದ್ದು 40,000 ರೂಪಾಯಿ ಎಂದಿಟ್ಟುಕೊಳ್ಳಿ. ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಹಣ ಬರಬೇಕು. ಕಾಲೇಜು ಅದರಲ್ಲಿ ಶೇ. 5ರಷ್ಟನ್ನು, ಗರಿಷ್ಠ 5,000 ರೂಪಾಯಿಯನ್ನು, ಪ್ರಕ್ರಿಯಾ ಶುಲ್ಕವೆಂದು ಹಿಡಿದುಕೊಳ್ಳಬಹುದು. ಆಗಸ್ಟ್ 25ಕ್ಕೆ ಅರ್ಜಿ ಕೊಟ್ಟರೆ ಶೇ. 90, ಅಂದರೆ 36,000. ಸೆಪ್ಟೆಂಬರ್ 12ಕ್ಕೆ ಕೊಟ್ಟರೆ ಶೇ. 80, ಅಂದರೆ 32,000. ಸೆಪ್ಟೆಂಬರ್ 25 ಆದರೆ ಅರ್ಧ. 30 ದಿನ ಕಳೆದ ಮೇಲೆ ಏನೂ ಇಲ್ಲ. ದಸರಾ ಮುಗಿಸಿಕೊಂಡು ಬಂದು ಹೇಳೋಣ ಎಂದವರ ಹಣ ಹೋಗುವುದು ಇಲ್ಲೇ. ಕಾಷನ್ ಡಿಪಾಸಿಟ್ (ಸೇರುವಾಗ ಇಟ್ಟ ಭದ್ರತಾ ಠೇವಣಿ) ಈ ಲೆಕ್ಕಕ್ಕೆ ಸೇರುವುದಿಲ್ಲ, ಅದನ್ನು ಪೂರ್ತಿಯಾಗಿ ಕೇಳಿ ಪಡೆಯಿರಿ. ಅರ್ಜಿ ತಲುಪಿದ 15 ದಿನದೊಳಗೆ ಹಣ ಹಿಂದಿರುಗಿಸಬೇಕೆಂಬ ನಿಯಮವೂ ಅದರಲ್ಲೇ ಇದೆ.

ಇಂಜಿನಿಯರಿಂಗ್ ಹುಡುಗರಿಗೆ ಒಂದು ಮಾತು. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಮಾನ್ಯತೆಯ ಕಾಲೇಜು ‘ಉಳಿದ ವರ್ಷಗಳ ಫೀ ಕಟ್ಟಿ, ಆಮೇಲೆ ಮಾರ್ಕ್ಸ್ ಕಾರ್ಡ್ ಕೊಡುತ್ತೇವೆ’ ಎನ್ನುವಂತಿಲ್ಲ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬಂದ ಸೀಟಾದರೆ ಕಾಲೇಜಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ. ಸೀಟು ರದ್ದು ಮಾಡುವ ಕ್ರಮ, ಗಡುವು, ದಂಡ ಎಲ್ಲವೂ ಆ ವರ್ಷದ ಕೆಇಎ ಕೈಪಿಡಿಯಲ್ಲಿರುತ್ತವೆ.

ಇನ್ನು ಸ್ಕಾಲರ್‌ಶಿಪ್. ಬಹಳ ಮಂದಿ ಎಡವುವುದು ಇಲ್ಲಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ವರ್ಷದಿಂದ ವರ್ಷಕ್ಕೆ ನವೀಕರಣವಾಗುವಂಥದ್ದು, ಹಾಜರಿಯೂ ಸರಿಯಿರಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದ ಕೇಂದ್ರ ನಿಯಮಗಳ ಪ್ರಕಾರ, ವರ್ಷದ ನಡುವೆ ಓದು ನಿಲ್ಲಿಸಿದರೆ ಆ ವರ್ಷ ಪಡೆದ ಹಣವನ್ನು ಹಿಂದಿರುಗಿಸುವಂತೆ ಕೇಳುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಎಲ್ಲರನ್ನೂ ಕೇಳುತ್ತಾರೆಂದಲ್ಲ, ಆದರೆ ಕೇಳಿದರೆ ಕೊಡಬೇಕಾಗುತ್ತದೆ. ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಎಂದು ಹಣ ಬರುತ್ತದೆ. ಅದು ಹಾಸ್ಟೆಲ್ ಸಿಗದೆ ಓದುತ್ತಿರುವವರ ಊಟ ವಸತಿಗೆಂದು ಕೊಡುವ ಹಣ, ಓದೇ ನಿಂತ ಮೇಲೆ ಅದಕ್ಕೆ ಹಕ್ಕಿಲ್ಲ. ಕಾಲೇಜು ಬಿಟ್ಟ ಮೇಲೆ ಖಾತೆಗೆ ಬಂದು ಬಿದ್ದ ಹಣವನ್ನು ಖರ್ಚು ಮಾಡದೆ ಹಾಗೇ ಇಟ್ಟು, ನಿಮಗೆ ಮಂಜೂರು ಮಾಡಿದ ಇಲಾಖೆಯ ತಾಲ್ಲೂಕು ಕಚೇರಿಗೆ, ಅಂದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಗೆ, ಬರಹದಲ್ಲಿ ತಿಳಿಸಿ.

ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ ಇನ್ನೂ ಮಂಜೂರಾಗದಿದ್ದಾಗ ಬೇರೊಂದು ಪೇಚಿದೆ. ‘ಸ್ಕಾಲರ್‌ಶಿಪ್ ಬಂದ ಮೇಲೆ ಫೀ ಕಟ್ಟು’ ಎಂದು ಕಾಲೇಜು ಸೇರಿಸಿಕೊಂಡಿರುತ್ತದೆ. ನೀವು ಬಿಟ್ಟ ಮೇಲೆ ಸ್ಕಾಲರ್‌ಶಿಪ್ ಬರುವುದಿಲ್ಲ, ಫೀ ಬಾಕಿ ಮಾತ್ರ ನಿಮ್ಮ ಹೆಸರಿನಲ್ಲಿ ನಿಲ್ಲುತ್ತದೆ. ಟಿಸಿ ಕೇಳಲು ಹೋದಾಗ ನೋ ಡ್ಯೂ (ಬಾಕಿ ಇಲ್ಲ ಎಂಬ) ಸಹಿ ಸಿಗದೆ ಒದ್ದಾಡುವುದು ಇದರಿಂದಲೇ. ಅರ್ಜಿ ಕೊಡುವ ಮೊದಲೇ ಬಾಕಿಯ ವಿವರವನ್ನು ಬರೆಸಿಕೊಂಡು, ಮೇಲಿನ ಪಟ್ಟಿಯ ಪ್ರಕಾರ ಎಷ್ಟು ಕಡಿತವಾಗಬೇಕೆಂದು ಮಾತಾಡಿ. ಮುಂದಿನ ವರ್ಷ ಬೇರೆ ಕೋರ್ಸಿಗೆ ಸೇರುವ ಯೋಚನೆಯಿದ್ದರೆ, ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಯ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಹಳೆಯ ಪ್ರವೇಶ ರದ್ದಾಗಿದೆಯೇ ಎಂದು ನೋಡಿಕೊಂಡೇ ಹೊರಡಿ. ಕೋರ್ಸ್ ಬದಲಿಸಿದವರಿಗೆ ಸ್ಕಾಲರ್‌ಶಿಪ್ ಮತ್ತೆ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ, ಸೇರುವ ಮೊದಲೇ ಇಲಾಖೆಯಲ್ಲಿ ಕೇಳಿ.

ಬ್ಯಾಂಕ್ ಸಾಲದ್ದು ಇದಕ್ಕಿಂತ ಬಿಗಿ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ. ಓದು ನಿಂತರೆ ಬ್ಯಾಂಕು ಮುಂದಿನ ಹಣ ಬಿಡುಗಡೆ ಮಾಡುವುದಿಲ್ಲ, ಈವರೆಗೆ ಕೊಟ್ಟದ್ದರ ಕಂತು ಮಾತ್ರ ಬೇಗ ಶುರುವಾಗಬಹುದು. ವರ್ಷಕ್ಕೆ 4.5 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ ಸಿಗುವ ಕೇಂದ್ರದ ಬಡ್ಡಿ ಸಹಾಯಧನವೂ ನಡುವೆ ಬಿಟ್ಟವರಿಗೆ ಇಲ್ಲ. ಅನಾರೋಗ್ಯದಿಂದ ಬಿಟ್ಟವರಿಗೆ ಮಾತ್ರ ವಿನಾಯಿತಿ ಇದೆ. ಆದರೆ ವೈದ್ಯಕೀಯ ದಾಖಲೆಗಳು ಕಾಲೇಜಿನ ಮುಖ್ಯಸ್ಥರಿಗೆ ಒಪ್ಪಿಗೆಯಾಗಬೇಕು. ಆದ್ದರಿಂದ ಕಾಯಿಲೆಯೇ ಕಾರಣವಾದರೆ ಅರ್ಜಿಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆಯಲೇಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿ, ಕಾಲೇಜಿನಿಂದ ಪತ್ರ ಪಡೆದು ಬ್ಯಾಂಕಿಗೆ ಕೊಡಿ. ಶಿಕ್ಷಣ ಸಾಲದಲ್ಲಿ ಅಪ್ಪ ಅಥವಾ ಅಮ್ಮ ಸಹಸಾಲಗಾರರು, ಕಂತು ತಪ್ಪಿದರೆ ಅವರ ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಕೂಡ ಕೆಡುತ್ತದೆ. ಮುಂದೆ ಅವರು ಸಾಲ ಕೇಳಲು ಹೋದಾಗ ಅದು ಅಡ್ಡ ಬರುತ್ತದೆ. ಮ್ಯಾನೇಜರನ್ನು ತಪ್ಪಿಸಿಕೊಂಡು ಓಡಾಡುವ ಬದಲು ಮೊದಲ ಕಂತಿಗೆ ಮುಂಚೆಯೇ ಹೋಗಿ ಅವಧಿ ವಿಸ್ತರಣೆ ಕೇಳಿ.

ಕಾಲೇಜು ಮೂಲ ಅಂಕಪಟ್ಟಿ ಹಿಡಿದುಕೊಂಡರೆ, ಅಥವಾ ಫೀ ಕೊಡದೆ ಸತಾಯಿಸಿದರೆ, ಸೀಲು ಬಿದ್ದ ಆ ಪ್ರತಿಯೊಂದಿಗೆ ಮೊದಲು ಪ್ರಾಂಶುಪಾಲರಿಗೆ ಜ್ಞಾಪನಾ ಪತ್ರ ಕೊಡಿ. ಎರಡೂ ಜಿಲ್ಲೆಯ ಪದವಿ ಕಾಲೇಜುಗಳು ಸಾಮಾನ್ಯವಾಗಿ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯವು. ನಿಮ್ಮದೂ ಅದರಡಿ ಬಂದರೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ಕುಲಸಚಿವರಿಗೆ ದೂರು ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಫೀ ರಸೀದಿ ಮತ್ತು ಅರ್ಜಿಯ ಪ್ರತಿ ಎರಡನ್ನೂ ಅಪ್‌ಲೋಡ್ ಮಾಡಿ.